ಸಜ್ಜಾ ಮೇಲಿನ ಬಾಂಡೆ, ಫರಸಿ ಮೇಲಿನ ಬಿಳುಪು: ಯುಗಾದಿಗೆ ಮೊದಲು ಕೇಳಿದ ಪ್ರಶ್ನೆಗಳು

ಹೋಳಿ ಹುಣ್ಣಿಮೆಯಿಂದ ಯುಗಾದಿಗೆ ಹದಿನೈದು ದಿನ. ಅದರ ನಡುವೆಯೇ ಶರಣಬಸವೇಶ್ವರ ಜಾತ್ರೆ ಬರುತ್ತದೆ, ಬೀಗರು ಬರುತ್ತಾರೆ, ಕಲಬುರಗಿಯ ಬಿಸಿಲೂ ಬರುತ್ತದೆ. ಮನೆ ಸ್ವಚ್ಛ ಮಾಡೋ ಕೆಲಸ ಈ ಗದ್ದಲದಲ್ಲೇ ಆಗಬೇಕು. ಈ ಸಲ ಬಂದ ಪತ್ರಗಳಲ್ಲಿ ಐದಕ್ಕೆ ಇಲ್ಲಿ ಉತ್ತರ ಕೊಟ್ಟಿದ್ದೇನೆ.

ಪ್ರಶ್ನೆ: ಅಡುಗೆಮನೆಯ ಸಜ್ಜಾ ಮೇಲೆ ಅತ್ತೆಯ ಕಾಲದ ಬಾಂಡೆ-ಪಾತ್ರೆ, ನನ್ನ ಮದುವೆಯ ಬಾಂಡೆ, ನಾದಿನಿ ಬಿಟ್ಟುಹೋದದ್ದು ಎಲ್ಲ ತುಂಬಿದೆ. ಏನಾದರೂ ತೆಗೆಯೋಣ ಅಂದರೆ ಅತ್ತೆ "ಇರ್ಲಿ ಬಿಡವ್ವಾ, ಎಂದರ ಬೇಕಾಗ್ತದ" ಅನ್ನುತ್ತಾರೆ. ಪ್ರತಿ ವರ್ಷ ಎಲ್ಲ ಇಳಿಸಿ, ತೊಳೆದು, ಮತ್ತೆ ಏರಿಸುತ್ತೇನೆ. ಏನು ಮಾಡಲಿ?
– ಗೃಹಿಣಿ, ಕಲಬುರಗಿ

ಉತ್ತರ: ಇಳಿಸಿ, ತೊಳೆದು, ಏರಿಸೋದು. ರೋಗ ಅಲ್ಲೇ ಇದೆ ನೋಡಿ. ವರ್ಷವಿಡೀ ಮುಟ್ಟದ ಡಬರಿಯನ್ನು ಬೇಸಿಗೆಯ ನೀರಿನ ತಾಪತ್ರಯದಲ್ಲಿ ಕೊಡಗಟ್ಟಲೆ ನೀರು ಸುರಿದು ತೊಳೆಯುತ್ತೇವೆ. ಈ ಸಲ ಮೊದಲು ಯಾವುದು ಉಳಿಯಬೇಕು ಅಂತ ತೀರ್ಮಾನ ಮಾಡಿ. ಆಮೇಲೆ ನೀರು ಮುಟ್ಟಿ.

ಅತ್ತೆಯವರ ಮಾತು ಪೂರ್ತಿ ತಪ್ಪಲ್ಲ. ಅವರು ಸಂಸಾರ ಮಾಡಿದ ಕಾಲದಲ್ಲಿ ತೊಟ್ಟಿಲು, ಸೀಮಂತ, ಎಷ್ಟೋ ಸಲ ಮದುವೆಯೂ ಮನೆ ಮುಂದೆಯೇ ಆಗುತ್ತಿತ್ತು. ಐವತ್ತು ಜನರ ಸಾರು ಕುದಿಸೋ ಬೋಗುಣಿ ನಿಜಕ್ಕೂ ಬೇಕಾಗುತ್ತಿತ್ತು. ಈಗ ಅಡುಗೆಯವರು ತಮ್ಮ ಪಾತ್ರೆ ತಾವೇ ತರುತ್ತಾರೆ. ಆದರೆ ಇದನ್ನು ನೀವು ಹೇಳಬೇಡಿ, ಅವರ ಬಾಯಿಂದಲೇ ಬರಲಿ. ಒಂದು ಮಧ್ಯಾಹ್ನ ಎಲ್ಲ ಕೆಳಗಿಳಿಸಿ. ಅವರಿಗೆ ಕುರ್ಚಿ ಹಾಕಿ, ಚಹಾ ಕೊಟ್ಟು, ಒಂದೊಂದೇ ತೋರಿಸುತ್ತಾ "ಇದು ಯಾರು ಕೊಟ್ಟಿದ್ದು ಅತ್ತೀ?" ಅಂತ ಕೇಳಿ. ಬಾಂಡೆ ಮೇಲೆ ಹೆಸರು ಹಾಕಿಸಿರುತ್ತಾರಲ್ಲ, ಓದಿ ಹೇಳಿ. ನೆನಪು ಇರೋದು ಉಳಿಯಲಿ. ಅವರಿಗೇ ಗುರುತು ಸಿಗದ ಸ್ಟೀಲ್ ತಟ್ಟೆ, ಮುಚ್ಚಳ ಕಳೆದ ಡಬ್ಬಿ ಪಕ್ಕಕ್ಕೆ ಹೋಗಲಿ. ಎರಡು ತಾಸು ಹಿಡಿಯುತ್ತದೆ, ಅರ್ಧ ಕತೆಯಲ್ಲೇ ಹೋಗುತ್ತದೆ. ಹೋಗಲಿ ಬಿಡಿ.

ಅದಕ್ಕೂ ಮೊದಲು ನಿಮ್ಮ ಅಲಮಾರಿ ಖಾಲಿ ಮಾಡಿ, ಅವರ ಕಣ್ಣೆದುರಿಗೇ. ಸೊಸೆ ಶುರುವಿಗೇ ಅತ್ತೆಯ ಟ್ರಂಕಿಗೆ ಕೈ ಹಾಕಿದರೆ ಹಬ್ಬದ ತನಕ ಜಗಳ. ಹಳೇ ಹತ್ತಿ ಸೀರೆ ಇದ್ದರೆ ಕೌದಿಗೆ ಕೊಡಿ. ಹೊಲಿಯುವವರು ಇನ್ನೂ ಸಿಗುತ್ತಾರೆ. ಪಾಲಿಸ್ಟರ್ ಸೀರೆ ಬೇಡ, ಮೇ ತಿಂಗಳಲ್ಲಿ ಅದರ ಕೌದಿ ಮೈಗೆ ಅಂಟುತ್ತದೆ.

ತಾಮ್ರ, ಹಿತ್ತಾಳೆ ಮಾರೋದಾದರೆ ಮನೆಯಲ್ಲೇ ತೂಕ ಮಾಡಿಕೊಂಡು ಹೋಗಿ. ಭಂಗಾರದವನಿಗೆ ಕೊಡುವ ಮೊದಲು ಎರಡು ಬಾಂಡೆ ಅಂಗಡಿಯಲ್ಲಿ ದರ ಕೇಳಿ. (ಬೇರೆ ಕಡೆಯ ಓದುಗರಿಗೆ: ನಮ್ಮಲ್ಲಿ ಭಂಗಾರ ಅಂದರೆ ಗುಜರಿ, ಬಂಗಾರ ಬೇರೆ. ಹಳೇ ತಾಮ್ರದ ಹಂಡೆ ವಿಷಯದಲ್ಲಿ ಎರಡೂ ಅಷ್ಟೇನೂ ದೂರವಿಲ್ಲ.)

ಪ್ರಶ್ನೆ: ನಮ್ಮ ಪಡಸಾಲೆಯ ನೆಲಕ್ಕೆ ಶಹಾಬಾದ್ ಫರಸಿ ಹಾಸಿದೆ. ಹೋದ ದೀಪಾವಳಿಗೆ ಆಸಿಡ್ ಹಾಕಿ ತಿಕ್ಕಿಸಿದೆ. ಈಗ ಅಲ್ಲಲ್ಲಿ ಬೆಳ್ಳಗಾಗಿದೆ. ಯುಗಾದಿಗೆ ಮತ್ತೊಮ್ಮೆ ಹಾಕಿಸಲೇ?
– ನಿವೃತ್ತ ನೌಕರ, ಚಿತ್ತಾಪುರ

ಉತ್ತರ: ಬೇಡ ಸರ್, ದಯವಿಟ್ಟು ಬೇಡ. ಶಹಾಬಾದ್ ಫರಸಿ ಅಂದರೆ ಸುಣ್ಣದ ಕಲ್ಲು. ನಿಮ್ಮ ಪಕ್ಕದ ವಾಡಿಯಲ್ಲಿ ಸಿಮೆಂಟ್ ಕಾರ್ಖಾನೆ ಬಂದದ್ದೂ ಇದೇ ಕಲ್ಲಿನ ಸಲುವಾಗಿ. ಆಸಿಡ್ ಬಿದ್ದಾಗ ಬುಸ್ಸಂತ ನೊರೆ ಬರುತ್ತದಲ್ಲ, ಕೊಳೆ ಬಿಡುತ್ತಿದೆ ಅಂತ ಖುಷಿಪಡುತ್ತೇವೆ. ಅಲ್ಲಿ ಕರಗುತ್ತಿರೋದು ಕಲ್ಲು. ಹೊರಬರೋ ಗುಳ್ಳೆ ಕಾರ್ಬನ್ ಡೈಆಕ್ಸೈಡ್. ವಿನೆಗರ್, ನಿಂಬೆ, ಹುಣಸೆಯೂ ನಿಧಾನವಾಗಿ ಅದನ್ನೇ ಮಾಡುತ್ತವೆ. ಮೊಬೈಲಿನಲ್ಲಿ ಬರೋ ವಿನೆಗರ್ ಉಪಾಯಗಳೆಲ್ಲ ನಮ್ಮ ಫರಸಿಗೆ ಹೇಳಿದ್ದಲ್ಲ.

ಬಿಳುಪಿನ ಮೇಲೆ ಬೆರಳಾಡಿಸಿ ನೋಡಿ. ಒರಟಾಗಿದ್ದರೆ ಕಲ್ಲು ಸವೆದಿದೆ, ತೊಳೆದರೆ ಹೋಗುವುದಿಲ್ಲ. ಪಾಲಿಷ್ ಮಷಿನ್‌ನವರನ್ನೇ ಕರೆಸಬೇಕು. ನುಣುಪಾಗಿದ್ದರೆ ಅದು ಬೋರ್‌ವೆಲ್‌ ನೀರಿನ ಸುಣ್ಣ ಇರಬಹುದು. ನೀರು ಅಲ್ಲೇ ಆರಿದರೆ ಸುಣ್ಣ ಕೂರುತ್ತದೆ. ಅದಕ್ಕೇ ಬಕೆಟ್‌ಗಟ್ಟಲೆ ನೀರು ಸುರಿಯಬೇಡಿ. ಮೊದಲು ಒಣ ಕಸ ಗುಡಿಸಿ. ಬಿಸಿನೀರಿಗೆ ಸ್ವಲ್ಪ ಪಾತ್ರೆ ತೊಳೆಯೋ ಸೋಪು ಹಾಕಿ, ನೈಲಾನ್ ಬ್ರಷ್‌ನಿಂದ ಉಜ್ಜಿ, ತಕ್ಷಣ ಒಣ ಬಟ್ಟೆಯಲ್ಲಿ ಒರೆಸಿ. ಹೊಳೆಯಲಿ ಅಂತ ಎಣ್ಣೆ ಹಚ್ಚುವವರಿದ್ದಾರೆ. ಅದಕ್ಕೆ ನಮ್ಮೂರಿನ ಧೂಳು ಹೇಗೆ ಅಂಟುತ್ತದೆ ಅಂತ ಬೇರೆ ಹೇಳಬೇಕಾಗಿಲ್ಲ.

ಉಳಿದ ಆಸಿಡ್ ಬಾಟಲಿಯನ್ನು ಬ್ಲೀಚಿಂಗ್ ಪುಡಿಯ ಹತ್ತಿರ ಇಡಬೇಡಿ. ಬಚ್ಚಲಲ್ಲಿ ಎರಡನ್ನೂ ಒಟ್ಟಿಗೆ ಹಾಕಿದರೆ ಕ್ಲೋರಿನ್ ಗ್ಯಾಸ್ ಬರುತ್ತದೆ, ಉಸಿರು ಕಟ್ಟುತ್ತದೆ.

ಪ್ರಶ್ನೆ: ಬಿದರಿ ಹೂದಾನಿ ಮಂಕಾಗಿದೆ ಅಂತ ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ಕಪ್ಪು ಬಣ್ಣವೇ ಹೋಗುತ್ತಿದೆ!
– ಕಾಲೇಜು ವಿದ್ಯಾರ್ಥಿನಿ, ಬೀದರ್

ಉತ್ತರ: ನಿಲ್ಲಿಸಮ್ಮಾ. ಆ ಕಪ್ಪು ಕೊಳೆಯಲ್ಲ, ಅದೇ ಬಿದರಿ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿ ಕೂರಿಸಿ, ಕೊನೆಗೆ ಕೋಟೆಯ ಮಣ್ಣು ಮತ್ತು ನವಸಾಗರ ಕಲಸಿ ಹಚ್ಚುತ್ತಾರೆ. ಸತು ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. ಹುಳಿಯೂ ಬೇಡ, ಪಾಲಿಷ್ ಪುಡಿಯೂ ಬೇಡ. ಮೆತ್ತನೆ ಹತ್ತಿ ಬಟ್ಟೆಗೆ ಎರಡು ಹನಿ ಕೊಬ್ಬರಿ ಎಣ್ಣೆ ಸಾಕು. ಹೋದ ಬಣ್ಣಕ್ಕೆ ನಿಮ್ಮೂರಿನ ಬಿದರಿ ಕೆಲಸದವರನ್ನೇ ಕೇಳಿ.

ಪ್ರಶ್ನೆ: ವರ್ಷಕ್ಕಾಗುವಷ್ಟು ಜೋಳ, ತೊಗರಿಬೇಳೆ ಇಡುತ್ತೇವೆ. ಎಷ್ಟು ಸ್ವಚ್ಛ ಮಾಡಿದರೂ ಮಳೆಗಾಲಕ್ಕೆ ನುಸಿ.
– ರೈತ ಮಹಿಳೆ, ಯಾದಗಿರಿ ಜಿಲ್ಲೆ

ಉತ್ತರ: ನುಸಿ ಎಷ್ಟೋ ಸಲ ಹಳೇ ಚೀಲದಲ್ಲೇ ಕಾದು ಕೂತಿರುತ್ತದೆ ಅಕ್ಕಾ. ಹಿಂಗಾರಿ ಜೋಳ ಬರೋದೂ ಯುಗಾದಿ ಸ್ವಚ್ಛತೆಯೂ ಒಂದೇ ಹೊತ್ತಿಗೆ ಬೀಳುತ್ತವೆ, ಅದು ಒಳ್ಳೆಯದೇ. ಚೀಲ ತಿರುವಿ ಹಾಕಿ ಕುದಿಯೋ ನೀರಲ್ಲಿ ಅದ್ದಿ, ಮಾಳಿಗೆ ಮೇಲೆ ಒಣಗಿಸಿ. ಹೊಲಿಗೆಯ ಸಂದಿ ನೋಡಿ. ಉಳಿದ ಹಳೇ ಜೋಳದ ಮೇಲೆ ಹೊಸದು ಸುರಿಯಬೇಡಿ. ಕಾಳು ಹಲ್ಲಿಗೆ ಕಟ್ಟೆನ್ನುವ ತನಕ ಒಣಗಲಿ. ಬಿಸಿಲಿಂದ ತೆಗೆದ ಕೂಡಲೇ ತುಂಬಬೇಡಿ, ಬಿಸಿ ಕಾಳು ಚೀಲದಲ್ಲಿ ಬೆವರುತ್ತದೆ. ಚೀಲ ಹಲಗೆ ಮೇಲಿರಲಿ, ಗೋಡೆಗೆ ತಾಗದಿರಲಿ. ನೆರಳಲ್ಲಿ ಒಣಗಿಸಿದ ಬೇವಿನೆಲೆ ಹಾಕಿ. ಬೇಳೆಗೆ ಕೆಜಿಗೆ ಒಂದು ಟೀ ಚಮಚ ಹರಳೆಣ್ಣೆ ಸವರಿ.

ಆದರೆ ಕಾಳಿನಲ್ಲಿಡೋ ಗ್ಯಾಸ್ ಗುಳಿಗೆಯನ್ನು ಮನೆಯೊಳಗೆ ತರಲೇಬೇಡಿ. ಅದರಿಂದ ಬರೋ ಫಾಸ್ಫೀನ್ ಮಲಗಿದವರ ಜೀವ ತೆಗೆಯುತ್ತದೆ.

ಪ್ರಶ್ನೆ: ಮಾವನವರು ತೀರಿಕೊಂಡು ಎರಡು ವರ್ಷವಾಯಿತು. ಕಪಾಟಿನ ತುಂಬ ಕಾಗದದ ಗಂಟುಗಳು. ಕೆಲವು ಉರ್ದುವಿನಲ್ಲಿವೆ, ಮನೆಯಲ್ಲಿ ಯಾರಿಗೂ ಓದಲು ಬರುವುದಿಲ್ಲ. ರದ್ದಿಗೆ ಹಾಕಬಹುದೇ?
– ಶಿಕ್ಷಕಿ, ಸೇಡಂ

ಉತ್ತರ: ಬೇರೆಲ್ಲ ಕಡೆ "ಹೊರಗೆ ಹಾಕಿ" ಅನ್ನೋ ನಾನು ಇಲ್ಲಿ ಮಾತ್ರ "ತಡೆಯಿರಿ" ಅನ್ನುತ್ತೇನೆ. 1948ರ ಸೆಪ್ಟೆಂಬರ್ 17ರ ತನಕ ನಮ್ಮದು ನಿಜಾಮರ ಆಡಳಿತ. ಕಚೇರಿಯ ಭಾಷೆ ಉರ್ದು. ನಿಮ್ಮ ಗಂಟಿನಲ್ಲಿ ಹೊಲದ ಖರೀದಿ ಪತ್ರ ಇರಬಹುದು, ಬರೀ ಕಂದಾಯದ ಚೀಟಿಯೂ ಇರಬಹುದು. ಓದಿಸದೆ ಗೊತ್ತಾಗುವುದಿಲ್ಲ. ಊರಲ್ಲಿ ಉರ್ದು ಶಾಲೆಯ ಹಿರಿಯ ಮೇಷ್ಟ್ರು ಯಾರಾದರೂ ಇದ್ದರೆ ಕೇಳಿ. ಕೈಬರಹ ತೊಡಕಾಗಿರುತ್ತದೆ, ಒಂದೇ ದಿನಕ್ಕೆ ಮುಗಿಯೋ ಕೆಲಸ ಅಂದುಕೊಳ್ಳಬೇಡಿ. ಇಸವಿ 1340 ಅಂತಿದ್ದರೆ ಗಾಬರಿಯಾಗಬೇಡಿ, ಅದು ಹೆಚ್ಚಾಗಿ ಫಸಲಿ, ಅಂದರೆ ಆಗಿನ ಕಂದಾಯ ಲೆಕ್ಕದ ವರ್ಷ. 590 ಕೂಡಿಸಿ. ಹೆಚ್ಚುಕಮ್ಮಿ 1930 ಬರುತ್ತದೆ.

ಹಳೇ ಶಾಲಾ ದಾಖಲೆ, ಜನ್ಮದಾಖಲೆ, ಅಂಕಪಟ್ಟಿ ಕೂಡ ಬಿಡಬೇಡಿ. ಮಕ್ಕಳಿಗೆ 371(ಜೆ), ಅಂದರೆ ನಮ್ಮ ಭಾಗದವರಿಗಿರುವ ಮೀಸಲಾತಿಯ, ಅರ್ಹತಾ ಪ್ರಮಾಣಪತ್ರ ಮಾಡಿಸುವಾಗ ತಂದೆ-ತಾಯಿಯ ದಾಖಲೆಗೆ ಓಡಾಡಿದವರನ್ನು ಕೇಳಿ ನೋಡಿ, ಅದರ ಬೆಲೆ ಅವರು ಹೇಳುತ್ತಾರೆ.

ಹೋಗಬೇಕಾದದ್ದೂ ಬಹಳ ಇರುತ್ತದೆ. ಕಟ್ಟಿ ಮುಗಿಸಿದ ಹಳೇ ಜೆಸ್ಕಾಂ ಕರೆಂಟ್ ಬಿಲ್, ಮದುವೆ ಕಾರ್ಡು, ಕೆಟ್ಟುಹೋದ ಮಿಕ್ಸರ್‌ನ ಗ್ಯಾರಂಟಿ ಚೀಟಿ. ಆಧಾರ್ ಜೆರಾಕ್ಸ್ ಮಾತ್ರ ಹರಿದು ಹಾಕಿ. ನನಗೊಮ್ಮೆ ಮಿರ್ಚಿ ಭಜಿ ಕಟ್ಟಿಕೊಟ್ಟ ಕಾಗದದಲ್ಲಿ ಯಾರದೋ ಬ್ಯಾಂಕ್ ಅರ್ಜಿ ಸಿಕ್ಕಿತ್ತು, ಫೋಟೊ ಸಮೇತ.

ಉಳಿಸಿದ್ದನ್ನು ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ಲ್ಯಾಮಿನೇಷನ್ ಮಾಡಿಸಬೇಡಿ, ಬಿಸಿಗೆ ಹಳೇ ಕಾಗದ ಹಾಳಾಗುತ್ತದೆ, ಆಮೇಲೆ ಬಿಡಿಸಲೂ ಆಗುವುದಿಲ್ಲ. ಪ್ಲಾಸ್ಟಿಕ್ ಚೀಲವೂ ಬೇಡ, ತೇವ ಒಳಗೇ ನಿಲ್ಲುತ್ತದೆ. ಮಾವನವರು ಗಂಟು ಕಟ್ಟಿದ್ದ ಹತ್ತಿ ಬಟ್ಟೆಯನ್ನೇ ಒಗೆದು, ಚೆನ್ನಾಗಿ ಒಣಗಿಸಿ, ಅದರಲ್ಲೇ ಮತ್ತೆ ಕಟ್ಟಿಡಿ.