ಚೀನೀ ಭಾಷಿಕ ವಿದ್ಯಾರ್ಥಿಗೆ ಇಂಗ್ಲಿಷಿನ ‘ಹಾರ್ಡ್’ ಪದವನ್ನು ಕಲಿಸುವುದು ಹೇಗೆ?

ಶಾಂಘೈನ ನಿಮ್ಮ ವಿದ್ಯಾರ್ಥಿನಿ ‘ಐ ವರ್ಕ್ ಹಾರ್ಡ್ಲಿ ಎವೆರಿ ಡೇ’ ಎಂದೂ ‘ಐ ಆಮ್ ಹಾರ್ಡ್ ಟು ಲರ್ನ್ ಇಂಗ್ಲಿಷ್’ ಎಂದೂ ಮತ್ತೆ ಮತ್ತೆ ಬರೆಯುತ್ತಾರೆ, ನಿಘಂಟಿನಲ್ಲಿ ‘ಹಾರ್ಡ್’ ಪದಕ್ಕಿರುವ ಅರ್ಥಗಳನ್ನೆಲ್ಲ ಪಟ್ಟಿ ಮಾಡಿ ಕೊಟ್ಟರೂ ತಪ್ಪು ನಿಲ್ಲುತ್ತಿಲ್ಲ, ಏನು ಮಾಡಲಿ ಎಂದು ಕೇಳಿದ್ದೀರಿ. ನಾನು ಏಳು ವರ್ಷಗಳಿಂದ ಚೀನೀ ಭಾಷಿಕ ವಯಸ್ಕರಿಗೆ ಆನ್‌ಲೈನ್‌ನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೇನೆ. ಮೊದಲೆರಡು ವರ್ಷ ನಾನೂ ಅಂಥದೇ ಪಟ್ಟಿ ಕೊಡುತ್ತಿದ್ದೆ. ದಯವಿಟ್ಟು ಆ ಪಟ್ಟಿಯನ್ನು ಬದಿಗಿಡಿ. ವಿದ್ಯಾರ್ಥಿನಿ ‘ಹಾರ್ಡ್’ ಎಂದು ಬರೆದಾಗ ಅವರ ಮನಸ್ಸಿನಲ್ಲಿದ್ದ ಚೀನೀ ಪದ ಯಾವುದು ಎಂದು ಮೊದಲು ಕೇಳಿ, ಪಾಠವನ್ನು ಅಲ್ಲಿಂದ ಆರಂಭಿಸಿ.

ಇಂಗ್ಲಿಷ್ ಒಂದೇ ಪದದಲ್ಲಿ ಹೇಳುವುದನ್ನು ಚೀನೀ ಭಾಷೆ ಮುಖ್ಯವಾಗಿ ನಾಲ್ಕು ಪದಗಳಿಗೆ ಹಂಚಿಕೊಟ್ಟಿದೆ. ಮುಟ್ಟಿದರೆ ಗಟ್ಟಿಯಾಗಿರುವುದು ‘ಯಿಂಗ್’. ಅದನ್ನು ಬರೆಯುವ ಅಕ್ಷರದ ಎಡಭಾಗದಲ್ಲಿಯೇ ಕಲ್ಲು ಎಂಬ ಅರ್ಥದ ಚಿಹ್ನೆಯಿದೆ. ಮಾಡಲು ಕಷ್ಟವಾದದ್ದು ‘ನಾನ್’. ಶ್ರಮವಹಿಸಿ ಮಾಡುವುದು ‘ನುಲೀ’. ದೇಹಕ್ಕೂ ಮನಸ್ಸಿಗೂ ದಣಿವು ತರುವಂಥದ್ದು ‘ಶಿನ್‌ಖು’; ಅಕ್ಷರಶಃ ನೋಡಿದರೆ ಅದು ಖಾರ ಮತ್ತು ಕಹಿ ಎಂಬ ಎರಡು ರುಚಿಗಳ ಜೋಡಿ. ಕನ್ನಡಿಗರಾದ ನಮಗೆ ಇದು ಅಪರಿಚಿತವಾದ ವ್ಯವಸ್ಥೆಯೇನಲ್ಲ. ನಾವೂ ಬೆಂಚನ್ನು ಗಟ್ಟಿ ಎನ್ನುತ್ತೇವೆ, ಲೆಕ್ಕವನ್ನು ಕಷ್ಟ ಎನ್ನುತ್ತೇವೆ. ಗಟ್ಟಿ ಲೆಕ್ಕ ಎಂದು ಯಾರೂ ಹೇಳುವುದಿಲ್ಲ. ಆದ್ದರಿಂದ ಇಂಗ್ಲಿಷರಿಗೆ ಸುಲಭವಾಗಿ ಕಾಣಿಸದ ಈ ಗಡಿಗಳು ನಿಮಗೆ ಕಾಣಿಸುತ್ತವೆ. ಕಲಿಸುವಾಗ ಇದು ನಿಮ್ಮ ಕೈಯಲ್ಲಿರುವ ದೊಡ್ಡ ಅನುಕೂಲ.

ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಬೇಕಾದದ್ದು ‘ನಾನ್’ಗೆ, ಏಕೆಂದರೆ ನಿಮ್ಮ ವಿದ್ಯಾರ್ಥಿನಿಯ ಎರಡನೆಯ ವಾಕ್ಯ ಹುಟ್ಟಿರುವುದು ಅಲ್ಲಿ. ಚೀನೀ ಭಾಷೆಯಲ್ಲಿ ‘ನಾನು ಬಹಳ ಕಷ್ಟ ಕಲಿ ಇಂಗ್ಲಿಷ್’ ಎಂಬ ಕ್ರಮದಲ್ಲಿ ಪದಗಳನ್ನು ಜೋಡಿಸಿದರೆ ವಾಕ್ಯ ಸರಿಯಾಗಿಯೇ ಇರುತ್ತದೆ. ಕಷ್ಟಪಡುವ ವ್ಯಕ್ತಿ ವಾಕ್ಯದ ಆರಂಭದಲ್ಲಿ ನಿಲ್ಲುತ್ತಾನೆ, ‘ನಾನ್’ ಎಂಬುದು ಕ್ರಿಯಾಪದಕ್ಕಿಂತ ಮೊದಲು ಬಂದು ಕೂರುತ್ತದೆ. ಅದೇ ಕ್ರಮವನ್ನು ಇಂಗ್ಲಿಷಿಗೆ ತಂದರೆ ‘ಐ ಆಮ್ ಹಾರ್ಡ್ ಟು ಲರ್ನ್ ಇಂಗ್ಲಿಷ್’ ಎಂದಾಗುತ್ತದೆ. ಇಂಗ್ಲಿಷಿನಲ್ಲಿ ಈ ರಚನೆಯ ಆರಂಭದಲ್ಲಿ ನಿಲ್ಲುವವನು ಕ್ರಿಯೆಯನ್ನು ಮಾಡುವವನಲ್ಲ, ಕ್ರಿಯೆಗೆ ಒಳಗಾಗುವವನು. ‘ಹೀ ಈಸ್ ಹಾರ್ಡ್ ಟು ಪ್ಲೀಸ್’ ಎಂದರೆ ಮೆಚ್ಚಿಸುವ ಕೆಲಸ ಅವನದಲ್ಲ, ಉಳಿದವರದು. ನನ್ನ ತರಗತಿಯಲ್ಲಿ ನಾನು ‘ಐ ಆಮ್ ಹಾರ್ಡ್ ಟು ಟೀಚ್’ ಎಂದು ಬರೆದು, ಇಲ್ಲಿ ಕಲಿಸುತ್ತಿರುವವರು ಯಾರು, ಕಲಿಯುತ್ತಿರುವವರು ಯಾರು ಎಂದು ಕೇಳುತ್ತೇನೆ. ಹೆಚ್ಚಿನವರು ‘ನಾನು ಕಲಿಸುತ್ತೇನೆ’ ಎಂದೇ ಉತ್ತರಿಸುತ್ತಾರೆ. ‘ನನಗೆ ಕಲಿಸುವುದು ಬೇರೆಯವರಿಗೆ ಕಷ್ಟ’ ಎಂಬ ಅರ್ಥ ತಿಳಿದಾಗ ಅವರು ಒಂದು ಕ್ಷಣ ಸುಮ್ಮನಾಗುತ್ತಾರೆ, ಆಮೇಲೆ ಹಳೆಯ ವಾಕ್ಯಗಳನ್ನು ತಾವೇ ತಿದ್ದತೊಡಗುತ್ತಾರೆ. ‘ಇಟ್ ಈಸ್ ಹಾರ್ಡ್ ಫಾರ್ ಮೀ’ ಎಂಬ ರೂಪವನ್ನು ಆಗ ಕೊಡಿ, ಅದಕ್ಕಿಂತ ಮೊದಲು ಬೇಡ. ಕನ್ನಡದಲ್ಲಿ ‘ನನಗೆ ಕಷ್ಟ’ ಎಂದು ಚತುರ್ಥೀ ವಿಭಕ್ತಿ ಈ ಕೆಲಸವನ್ನು ಮಾಡಿಬಿಡುವುದರಿಂದ ನಾವು ಈ ತಪ್ಪನ್ನು ಅಷ್ಟಾಗಿ ಮಾಡುವುದಿಲ್ಲ, ಹಾಗಾಗಿ ಅದರ ಬೇರು ನಮಗೆ ತಕ್ಷಣ ಹೊಳೆಯುವುದೂ ಇಲ್ಲ.

ಇದೇ ‘ನಾನ್’ ಇನ್ನೊಂದು ತೊಡಕನ್ನೂ ತರುತ್ತದೆ. ತಿನ್ನು, ನೋಡು, ಕೇಳು ಎಂಬ ಕ್ರಿಯಾಪದಗಳ ಜೊತೆ ಸೇರಿದಾಗ ಅದು ಕಷ್ಟ ಎಂಬ ಅರ್ಥವನ್ನು ಬಿಟ್ಟು ಚೆನ್ನಾಗಿಲ್ಲ ಎಂಬ ಅರ್ಥಕ್ಕೆ ತಿರುಗುತ್ತದೆ. ‘ನಾನ್‌ಛಿ’ ಎಂದರೆ ರುಚಿಯಿಲ್ಲದ್ದು, ‘ನಾನ್‌ಖಾನ್’ ಎಂದರೆ ನೋಡಲು ಚೆನ್ನಾಗಿಲ್ಲದ್ದು. ಇದಕ್ಕೆ ಎದುರಾಗಿ ನಿಲ್ಲುವುದು ‘ನಿ ಹಾವ್’ ಎಂಬ ಪರಿಚಿತ ನಮಸ್ಕಾರದಲ್ಲಿರುವ ಅದೇ ‘ಹಾವ್’, ಅಂದರೆ ಒಳ್ಳೆಯದು. ವಿದ್ಯಾರ್ಥಿಯೊಬ್ಬರು ‘ದಿ ಸೂಪ್ ಈಸ್ ಹಾರ್ಡ್ ಟು ಈಟ್’ ಎಂದು ಬರೆದರೆ, ಸೂಪಿನಲ್ಲಿ ಮೂಳೆಯಿತ್ತೇ ಎಂದು ಇಂಗ್ಲಿಷ್ ಓದುಗ ಯೋಚಿಸುತ್ತಾನೆ. ಅವರು ಹೇಳಹೊರಟದ್ದು ರುಚಿ ಕೆಟ್ಟಿದೆ ಎಂಬುದನ್ನು ಮಾತ್ರ.

ಇನ್ನು ‘ಹಾರ್ಡ್ಲಿ’. ಛೆಂಗ್ದುವಿನ ನನ್ನ ವಿದ್ಯಾರ್ಥಿಯೊಬ್ಬರು ತಮ್ಮ ಮೇಲಧಿಕಾರಿಗೆ ‘ಐ ಹಾರ್ಡ್ಲಿ ಟೆಸ್ಟೆಡ್ ದಿ ಪ್ರೋಗ್ರಾಮ್’ ಎಂದು ಬರೆದಿದ್ದರು. ಮೂರು ರಾತ್ರಿ ನಿದ್ದೆಗೆಟ್ಟು ಪರೀಕ್ಷಿಸಿದ್ದವರು, ಪರೀಕ್ಷಿಸಲೇ ಇಲ್ಲ ಎಂದು ಒಪ್ಪಿಕೊಂಡಂತಾಯಿತು. ಅವರು ಅದನ್ನು ನನಗೆ ಹೇಳಿಕೊಂಡಾಗ ನನಗೆ ನಿಜಕ್ಕೂ ಸಂಕಟವಾಯಿತು, ಏಕೆಂದರೆ ಅದು ಅಜಾಗ್ರತೆಯಿಂದಾದ ತಪ್ಪಲ್ಲ, ಕಲಿತ ನಿಯಮವನ್ನು ನಿಷ್ಠೆಯಿಂದ ಪಾಲಿಸಿದ್ದರಿಂದ ಆದದ್ದು. ಚೀನೀ ಭಾಷೆಯಲ್ಲಿ ‘ನುಲೀ’ಯ ನಂತರ ‘ತ’ ಎಂಬ ಸಣ್ಣ ಪ್ರತ್ಯಯ ಸೇರಿದರೆ ಅದು ‘ಶ್ರಮವಹಿಸಿ’ ಎಂಬ ಕ್ರಿಯಾವಿಶೇಷಣವಾಗುತ್ತದೆ. ಇಂಗ್ಲಿಷಿನಲ್ಲಿ ಆ ಕೆಲಸವನ್ನು ‘ಲಿ’ ಮಾಡುತ್ತದೆ ಎಂದು ಅವರು ಕಲಿತಿರುತ್ತಾರೆ. ಸ್ಲೋ ಎಂಬುದು ಸ್ಲೋಲಿ ಆಗುವುದಾದರೆ ಹಾರ್ಡ್ ಏಕೆ ಹಾರ್ಡ್ಲಿ ಆಗಬಾರದು? ಹಳೆಯ ಇಂಗ್ಲಿಷಿನಲ್ಲಿ ಅದು ಆಗುತ್ತಲೂ ಇತ್ತು. ‘ಪ್ರಯಾಸದಿಂದ’ ಎಂಬ ಅರ್ಥ ಕಾಲಕ್ರಮದಲ್ಲಿ ‘ಪ್ರಯಾಸದಿಂದ ಮಾತ್ರ’ ಎಂದಾಗಿ, ಕೊನೆಗೆ ‘ಇಲ್ಲವೆನ್ನುವಷ್ಟು ಕಡಿಮೆ’ ಎಂಬಲ್ಲಿಗೆ ಬಂದು ನಿಂತಿತು. ಈ ಇತಿಹಾಸವನ್ನು ಎರಡು ನಿಮಿಷ ಹೇಳಿದರೆ ವಿದ್ಯಾರ್ಥಿಗೆ ತನ್ನ ತರ್ಕದ ಬಗ್ಗೆ ನಾಚಿಕೆ ಉಳಿಯುವುದಿಲ್ಲ. ಜೊತೆಗೆ ಇನ್ನೊಂದನ್ನು ಗಮನಿಸಿ: ಹಾರ್ಡ್ಲಿಗೆ ಸಮನಾದ ಚೀನೀ ಪ್ರಯೋಗ ‘ಚೀಹು ಪು’, ಅಂದರೆ ‘ಬಹುತೇಕ ಇಲ್ಲ’. ಅಲ್ಲಿ ನಿಷೇಧ ಕಣ್ಣಿಗೆ ಕಾಣುವಂತಿದೆ, ಹಾರ್ಡ್ಲಿಯಲ್ಲಿ ಅಡಗಿದೆ. ಹಾಗಾಗಿ ಪದದ ಅರ್ಥ ಕಲಿತ ಮೇಲೂ ‘ಐ ಹಾರ್ಡ್ಲಿ ಡೋಂಟ್ ಸ್ಲೀಪ್’ ಎಂಬ ವಾಕ್ಯ ಬರಬಹುದು.

‘ಯಿಂಗ್’ ಅಷ್ಟೊಂದು ತೊಂದರೆ ಕೊಡುವುದಿಲ್ಲ. ಹಾರ್ಡ್‌ವೇರ್, ಹಾರ್ಡ್ ಡಿಸ್ಕ್, ಗಡಸು ನೀರು, ಈ ಮೂರನ್ನೂ ಅವರು ‘ಯಿಂಗ್’ ಸೇರಿಸಿಯೇ ಹೇಳುತ್ತಾರೆ. ಕುದಿಸಿದ ಪಾತ್ರೆಯಲ್ಲಿ ಬಿಳಿಯ ಪದರ ಕಟ್ಟುವ ನೀರು ಬೀಜಿಂಗಿನವರಿಗೂ ಗೊತ್ತು, ಬೆಂಗಳೂರಿನಲ್ಲಿ ಬೋರ್‌ವೆಲ್ ನೀರು ಬಳಸುವವರಿಗೂ ಗೊತ್ತು. ಚೀನಾದ ರೈಲುಗಳಲ್ಲಿ ‘ಗಟ್ಟಿ ಆಸನ’, ‘ಗಟ್ಟಿ ಮಲಗುವ ಬೋಗಿ’ ಎಂಬ ದರ್ಜೆಗಳೇ ಇವೆ. ಎರಡನೆಯದು ನಮ್ಮ ಸ್ಲೀಪರ್ ಬೋಗಿಯಂತೆ ಮೂರು ಹಂತದ್ದು, ಬಾಗಿಲಿಲ್ಲದ್ದು. ‘ಮೆತ್ತನೆಯ’ ದರ್ಜೆಯಲ್ಲಾದರೆ ಬಾಗಿಲಿರುವ ಕೋಣೆಯಲ್ಲಿ ನಾಲ್ಕು ಹಾಸಿಗೆ. ತೊಡಕು ಬರುವುದು ನುಡಿಗಟ್ಟುಗಳಲ್ಲಿ. ತಪ್ಪು ಒಪ್ಪದವನನ್ನು ಅವರು ‘ಬಾಯಿ ಗಟ್ಟಿ’ ಎನ್ನುತ್ತಾರೆ, ಸತ್ತ ಬಾತುಕೋಳಿಯ ಕೊಕ್ಕು ಮಾತ್ರ ಇನ್ನೂ ಗಟ್ಟಿ ಎಂಬ ಮಾತೂ ಅವರಲ್ಲಿದೆ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ನಮಗೆ ಅದು ಕೂಡಲೇ ಅರ್ಥವಾಗುತ್ತದೆ, ಆದರೆ ಇಂಗ್ಲಿಷಿನಲ್ಲಿ ‘ಹಾರ್ಡ್ ಮೌತ್’ ಎಂದು ಬರೆದರೆ ಆ ಅರ್ಥ ಬರುವುದಿಲ್ಲ.

ತಿರುಗುಮುರುಗಾದ ಸಂದರ್ಭಗಳೂ ಇವೆ: ಇಂಗ್ಲಿಷಿನ ‘ಹಾರ್ಡ್ ಎವಿಡೆನ್ಸ್’ ಚೀನೀ ಭಾಷೆಯಲ್ಲಿ ಕಬ್ಬಿಣದ ಸಾಕ್ಷ್ಯ, ‘ಹಾರ್ಡ್ ಲಿಕ್ಕರ್’ ಉಗ್ರ ಮದ್ಯ. ಇವನ್ನು ವಿವರಿಸುತ್ತ ಕೂರಬೇಡಿ, ಎದುರಾದಾಗ ಜೋಡಿಪದವಾಗಿ ಕಲಿಯಲಿ. ‘ಶಿನ್‌ಖು’ ವಿಷಯದಲ್ಲಿ ಮಾತ್ರ ತುಸು ಎಚ್ಚರವಿರಲಿ. ಕೆಲಸ ಮುಗಿಸಿದವರಿಗೆ ಚೀನೀಯರು ‘ಶಿನ್‌ಖು ಲ’ ಎನ್ನುತ್ತಾರೆ. ನಾವು ‘ಪಾಪ, ತುಂಬಾ ಶ್ರಮ ತೆಗೆದುಕೊಂಡಿರಿ’ ಎನ್ನುವ ಹಾಗೆ. ತರಗತಿ ಮುಗಿದ ಮೇಲೆ ನಿಮ್ಮ ವಿದ್ಯಾರ್ಥಿನಿ ‘ಟೀಚರ್, ಯೂ ಆರ್ ವೆರಿ ಹಾರ್ಡ್’ ಎಂದರೆ, ನೀವು ಕಟುವಾಗಿ ನಡೆದುಕೊಂಡಿರಿ ಎಂದು ದೂರುತ್ತಿದ್ದಾರೆಂದು ಭಾವಿಸಬೇಡಿ. ಅದು ಕೃತಜ್ಞತೆ. ಅಲ್ಲಿ ‘ಥ್ಯಾಂಕ್ ಯೂ ಫಾರ್ ಯುವರ್ ಹಾರ್ಡ್ ವರ್ಕ್’ ಎನ್ನಬೇಕೆಂದು ತಿಳಿಸಿದರೆ ಸಾಕು.

ಮುಂದಿನ ತರಗತಿಗೆ ಅವರು ತಮ್ಮ ಒಂದು ದಿನದ ಬಗ್ಗೆ ಹತ್ತು ವಾಕ್ಯಗಳನ್ನು ಮೊದಲು ಚೀನೀ ಭಾಷೆಯಲ್ಲಿಯೇ ಬರೆದು ತರಲಿ, ಅದರಲ್ಲಿ ಈ ನಾಲ್ಕೂ ಪದಗಳಿರಲಿ. ಪ್ರತಿ ಪದದ ಕೆಳಗೆ ಗೆರೆ ಎಳೆಸಿ, ಆಮೇಲೆ ಒಂದೊಂದೇ ವಾಕ್ಯವನ್ನು ಇಂಗ್ಲಿಷಿಗೆ ತರಿಸಿ. ‘ನಾನ್’ ಬಂದ ಕಡೆಯಲ್ಲೆಲ್ಲ ಕಷ್ಟಪಡುತ್ತಿರುವವರ ಸುತ್ತ ಒಂದು ವೃತ್ತ ಹಾಕಲು ಹೇಳಿ. ಆ ವೃತ್ತದಲ್ಲಿರುವವರು ಇಂಗ್ಲಿಷ್ ವಾಕ್ಯದಲ್ಲಿ ‘ಫಾರ್’ ಎಂಬುದರ ನಂತರ ಬಂದಿದ್ದಾರೆಯೇ ಎಂದು ಅವರೇ ಪರೀಕ್ಷಿಸಿಕೊಳ್ಳಲಿ.