ಪರದೆಯಲ್ಲಿ 99.8, ಪ್ಲಾಂಟಿನಲ್ಲಿ 95

ಪ್ರಶ್ನೆ: ಡಿಸ್ಟಿಲರಿಯ ರೆಕ್ಟಿಫೈಯರ್ ಕಾಲಮ್ಮನ್ನು (ಎಥನಾಲನ್ನು ಸಾಂದ್ರಗೊಳಿಸುವ ಗೋಪುರ) ಸಿಮ್ಯುಲೇಟರಿನಲ್ಲಿ ಕಟ್ಟಿದ್ದೇನೆ. ಮಾದರಿ ಎನ್‌ಆರ್‌ಟಿಎಲ್ (ದ್ರವ ಮಿಶ್ರಣ ಆದರ್ಶದಿಂದ ಎಷ್ಟು ದೂರ ಎಂದು ಲೆಕ್ಕ ಹಾಕುವ ಸೂತ್ರ). ರಿಫ್ಲಕ್ಸ್ (ತುದಿಯಿಂದ ಕಾಲಮಿಗೆ ಮರಳಿಸುವ ದ್ರವ) ಏರಿಸಿದರೆ ತೂಕದಲ್ಲಿ 99.8% ಎಥನಾಲ್ ಬರುತ್ತದೆ. ಪ್ಲಾಂಟಿನಲ್ಲಿ ಏನು ಮಾಡಿದರೂ 95 ದಾಟದು. ಟ್ರೇಗಳಲ್ಲಿ ದೋಷವೇ?
– ಓದುಗರು, ಮುಧೋಳ

ಉತ್ತರ: ಟ್ರೇ ಬಿಚ್ಚಿಸಬೇಡಿ, ಪ್ಲಾಂಟ್ ಹೇಳುತ್ತಿರುವುದೇ ಸರಿ. ವಾತಾವರಣದ ಒತ್ತಡದಲ್ಲಿ ಎಥನಾಲ್-ನೀರು ತೂಕದಲ್ಲಿ 95.6%ಕ್ಕೆ, 78.2 ಡಿಗ್ರಿಯಲ್ಲಿ ಅಜಿಯೋಟ್ರೋಪ್ ಆಗುತ್ತದೆ. ಅಲ್ಲಿ ಆವಿಯೂ ದ್ರವವೂ ಒಂದೇ ಪಾಕ, ನೂರು ಟ್ರೇ ಸೇರಿಸಿದರೂ ಮುಂದೆ ಹೋಗದು. ಉಳಿದ ನೀರನ್ನು ಹೀರುವ ಮಾಲಿಕ್ಯುಲರ್ ಸೀವ್ ಇರುವುದೇ ಅದಕ್ಕೆ.

ಎನ್‌ಆರ್‌ಟಿಎಲ್ ಆರಿಸಿದ ಮಾತ್ರಕ್ಕೆ ಎನ್‌ಆರ್‌ಟಿಎಲ್ ಲೆಕ್ಕ ನಡೆಯುತ್ತದೆ ಎಂದಲ್ಲ. ಎಥನಾಲ್-ನೀರು ಜೋಡಿಯ ಪ್ಯಾರಾಮೀಟರ್ ಪುಟ ತೆರೆದು ನೋಡಿ. ಎರಡೂ ಕಡೆ ಸೊನ್ನೆ ಕೂತಿದ್ದರೆ ಆಕ್ಟಿವಿಟಿ ಗುಣಾಂಕ 1, ಅಂದರೆ ಒಳಗೆ ನಡೆಯುವುದು ಬರೀ ರೌಲ್ಟ್ ನಿಯಮ, ಮಿಶ್ರಣ ಆದರ್ಶ ಎಂದುಕೊಂಡ ಲೆಕ್ಕ. ಅದಕ್ಕೆ ಈ ಅಜಿಯೋಟ್ರೋಪ್ ಕಾಣದು, ನಿಮ್ಮ 99.8 ಬರುವುದು ಹೀಗೆ. ಎಥನಾಲನ್ನು ಹೊಸ ಘಟಕವಾಗಿ ನೀವೇ ಸೇರಿಸಿದ್ದರೆ ಹೀಗಾಗುವುದು ಹೆಚ್ಚು. ಪುಸ್ತಕದಿಂದ ಅಂಕಿ ತುಂಬುವಾಗ ಯೂನಿಟ್ ನೋಡಿಕೊಳ್ಳಿ: ಕ್ಯಾಲೊರಿ/ಮೋಲ್‌ನಲ್ಲಿರುವುದನ್ನು ಕೆಲ್ವಿನ್ ಕಾಲಮಿಗೆ ಹಾಕುವ ಮುನ್ನ 1.987ರಿಂದ ಭಾಗಿಸಬೇಕು.

ಕಾಲಮ್ ಓಡಿಸುವ ಮೊದಲು 1.013 ಬಾರ್‌ಗೆ ಟಿ-ಎಕ್ಸ್-ವೈ ಗೆರೆ (ಪ್ರತಿ ಉಷ್ಣತೆಗೆ ದ್ರವ, ಆವಿಯಲ್ಲಿನ ಪಾಲು ತೋರುವುದು) ಎಳೆಸಿ ಒಂದು ಬಿಂದು ಹಿಡಿಯಿರಿ. ದ್ರವದಲ್ಲಿ ಎಥನಾಲ್ ಮೋಲ್ ಲೆಕ್ಕದಲ್ಲಿ 7.2% ಇದ್ದರೆ ಆವಿಯಲ್ಲಿ 39%, ಉಷ್ಣತೆ 89 ಡಿಗ್ರಿ ಆಸುಪಾಸು ಬರಬೇಕು. 15%, 97-98 ಡಿಗ್ರಿ ತೋರಿಸಿದರೆ ಪ್ಯಾರಾಮೀಟರ್ ಖಾಲಿ ಎಂದೇ ಲೆಕ್ಕ. ಈ ತಪ್ಪು ಕಾಲಮಿನ ಬುಡವನ್ನೂ ಕೆಡಿಸುತ್ತದೆ. ನೀರಿನಲ್ಲಿ ಚೂರೇ ಉಳಿದ ಎಥನಾಲ್ ನಿಜದಲ್ಲಿ ಸುಲಭವಾಗಿ ಹಾರುತ್ತದೆ, 100 ಡಿಗ್ರಿಯಲ್ಲಿ ಅದರ ಆವಿ-ದ್ರವ ಅನುಪಾತ 10ಕ್ಕೂ ಮೇಲೆ. ರೌಲ್ಟ್ ಲೆಕ್ಕದಲ್ಲಿ ಅದು 2.2 ಅಷ್ಟೇ. ಹಾಗಾಗಿ ಸ್ಪೆಂಟ್ ಲೀಸ್‌ನಿಂದ (ಬುಡದಿಂದ ಹೊರಬೀಳುವ ನೀರು) ಎಥನಾಲ್ ತೆಗೆಯಲು ಸಿಮ್ಯುಲೇಟರ್ ಬೇಡದಷ್ಟು ಸ್ಟೀಮ್ ಕೇಳುತ್ತದೆ.

ಫ್ಯೂಸಲ್ ಆಯಿಲ್ (ಹುದುಗುವಾಗ ಹುಟ್ಟುವ ಭಾರದ ಆಲ್ಕೊಹಾಲ್‌ಗಳು) ಸೇರಿಸಿದರೆ ಇನ್ನೊಂದು ತೊಡಕು. ಅದರಲ್ಲಿನ ಐಸೋಅಮೈಲ್ ಆಲ್ಕೊಹಾಲ್ ಮತ್ತು ನೀರು ಎರಡು ಪದರವಾಗುತ್ತವೆ. ಇದೇ ಬಗೆಯ ಇನ್ನೊಂದು ಸೂತ್ರವಾದ ವಿಲ್ಸನ್ ಮಾದರಿಗೆ ಆ ಪದರ ಕಾಣುವುದೇ ಇಲ್ಲ. ಎನ್‌ಆರ್‌ಟಿಎಲ್‌ಗೆ ಕಾಣುತ್ತದೆ, ಆದರೆ ಪದರ ಬೇರ್ಪಡಿಸುವ ಡಿಕ್ಯಾಂಟರಿಗೆ ದ್ರವ-ದ್ರವ ಮಾಹಿತಿಯಿಂದ ಹೊಂದಿಸಿದ ಬೇರೆ ಅಂಕಿಯೇ ಬೇಕು.

ಪ್ರಶ್ನೆ: ವಾಶ್‌ನಲ್ಲಿರುವ (ಹುದುಗಿದ ದ್ರವ) ಕಾರ್ಬನ್ ಡೈಆಕ್ಸೈಡಿಗೂ ಎನ್‌ಆರ್‌ಟಿಎಲ್ ನಡೆಯುತ್ತದೆಯೇ?
– ವಿದ್ಯಾರ್ಥಿನಿ, ಬೆಳಗಾವಿ

ಉತ್ತರ: ಹಾಗೇ ಬಿಟ್ಟರೆ ನಡೆಯದು. ಅದರ ಕ್ರಿಟಿಕಲ್ ಉಷ್ಣತೆ (ಅದಕ್ಕಿಂತ ಮೇಲೆ ಅನಿಲ ದ್ರವವಾಗದು) 31 ಡಿಗ್ರಿ. ಕಾಲಮ್ ಅದಕ್ಕಿಂತ ಬಿಸಿ, ಅಲ್ಲಿ ಆವಿ ಒತ್ತಡ ಎಂಬುದೇ ಇಲ್ಲ. ಸಾಫ್ಟ್‌ವೇರ್ ಮಾತ್ರ ಗೆರೆಯನ್ನು ಸುಮ್ಮನೆ ಮುಂದಕ್ಕೆಳೆದು ಒಂದು ಅಂಕಿ ಕೊಟ್ಟುಬಿಡುತ್ತದೆ. ಕಾರ್ಬನ್ ಡೈಆಕ್ಸೈಡನ್ನು ಹೆನ್ರಿ ಘಟಕವೆಂದು, ಅಂದರೆ ದ್ರವದಲ್ಲಿ ಕರಗಿದ ಅನಿಲವೆಂದು ಗುರುತಿಸಿ. ಗುರುತಿಸಿದ ಮೇಲೆ ನೀರಿಗೂ ಎಥನಾಲಿಗೂ ಬೇರೆ ಬೇರೆ ಹೆನ್ರಿ ಸ್ಥಿರಾಂಕ ಇದೆಯೇ ನೋಡಿ. ಒತ್ತಡ ಸುಮಾರು 10 ಬಾರ್ ದಾಟಿದರೆ ಎನ್‌ಆರ್‌ಟಿಎಲ್ ಬಿಟ್ಟು ಈಕ್ವೇಶನ್ ಆಫ್ ಸ್ಟೇಟ್ (ಆವಿ, ದ್ರವ ಎರಡಕ್ಕೂ ಒಂದೇ ಸಮೀಕರಣ) ಕಡೆ ಹೋಗಬೇಕಾದೀತು. ಡಿಸ್ಟಿಲರಿಯಲ್ಲಿ ಆ ಪ್ರಸಂಗ ಬಾರದು. ಇಲ್ಲಿ ಕಾಡುವುದು ವ್ಯಾಕ್ಯೂಮ್. ಒತ್ತಡ ಇಳಿದಂತೆ ಅಜಿಯೋಟ್ರೋಪ್ ಮೇಲಕ್ಕೆ ಸರಿದು, 70 ಮಿ.ಮೀ. ಪಾದರಸದ ಹೊತ್ತಿಗೆ ಮಾಯವಾಗುತ್ತದೆ. 1 ಅಟ್ಮಾಸ್ಫಿಯರ್ ಮಾಹಿತಿಗಷ್ಟೇ ಹೊಂದಿಸಿದ ಅಂಕಿ ಅದನ್ನು ಸರಿಯಾಗಿ ಹಿಡಿಯುತ್ತದೆಂದು ನಂಬಬೇಡಿ. ಪ್ಯಾರಾಮೀಟರ್ ಪಕ್ಕದಲ್ಲಿ ಬರೆದ ಉಷ್ಣತೆಯ ಮಿತಿ ಓದಿ.