ಸಮಾಜಶಾಸ್ತ್ರ ಬರೀ ಸಾಮಾನ್ಯ ಜ್ಞಾನವೇ? ಎಲ್ಲಿಂದ ಓದಲು ಶುರು ಮಾಡಬೇಕು?

ಪದವಿಯ ಮೊದಲ ವರ್ಷದಲ್ಲಿ ಸಮಾಜಶಾಸ್ತ್ರ ತೆಗೆದುಕೊಂಡಿದ್ದೀರಿ. ಅರ್ಧ ಪುಸ್ತಕ ಎಲ್ಲರಿಗೂ ಗೊತ್ತಿರುವ ಮಾತು, ಇನ್ನರ್ಧ ಬರೀ ಹೆಸರು, ಇಸವಿ, ವ್ಯಾಖ್ಯೆ, ಇದನ್ನು ಓದುವುದು ಹೇಗೆ ಅಂತ ಕೇಳಿದ್ದೀರಿ.

ನಾನು ಈ ವಿಷಯ ಪಾಠ ಮಾಡುವವನು. ಈ ದೂರು ಪ್ರತಿ ವರ್ಷ ಕೇಳುತ್ತೇನೆ, ಅದರಲ್ಲಿ ನ್ಯಾಯವೂ ಇದೆ. ಮೊದಲು 'ಗೊತ್ತಿರುವ ಮಾತು' ಅನ್ನುವುದನ್ನು ನೋಡೋಣ. ಎರಡನೇ ಮಹಾಯುದ್ಧದ ಅಮೆರಿಕನ್ ಸೈನಿಕರ ಬಗ್ಗೆ ಒಂದು ದೊಡ್ಡ ಅಧ್ಯಯನ ನಡೆದಿತ್ತು. 1949ರಲ್ಲಿ ಸಮಾಜಶಾಸ್ತ್ರಜ್ಞ ಪಾಲ್ ಲಾಜರ್ಸ್‌ಫೆಲ್ಡ್ ಅದರ ವಿಮರ್ಶೆ ಬರೆಯುತ್ತಾ ಕೆಲವು ಫಲಿತಾಂಶ ಪಟ್ಟಿ ಮಾಡಿದ. ಹೆಚ್ಚು ಓದಿದ ಸೈನಿಕರಲ್ಲಿ ಮಾನಸಿಕ ತೊಂದರೆಯ ಲಕ್ಷಣ ಜಾಸ್ತಿ. ಹಳ್ಳಿಯಿಂದ ಬಂದವರು ಪಟ್ಟಣದವರಿಗಿಂತ ಸೈನ್ಯದಲ್ಲಿ ಹೆಚ್ಚು ಉತ್ಸಾಹದಿಂದ ಇದ್ದರು. ಓದಿದವರಿಗೆ 'ಇಷ್ಟು ಹೇಳೋಕೆ ಅಧ್ಯಯನ ಬೇಕಿತ್ತಾ' ಅನ್ನಿಸುತ್ತದೆ, ಅಲ್ವಾ? ಆಮೇಲೆ ಅವನು ಹೇಳುತ್ತಾನೆ: ಈ ಪಟ್ಟಿಯ ಒಂದೊಂದು ಮಾತೂ ನಿಜವಾಗಿ ಸಿಕ್ಕ ಫಲಿತಾಂಶಕ್ಕೆ ಪೂರ್ತಿ ಉಲ್ಟಾ. ಸರಿಯಾದ ಪಟ್ಟಿಯನ್ನೇ ಮೊದಲು ಕೊಟ್ಟಿದ್ದರೆ ಅದೂ 'ಗೊತ್ತಿದ್ದದ್ದೇ' ಅನ್ನಿಸುತ್ತಿತ್ತು. ಹೇಗೆ ಹೇಳಿದರೂ ಹೌದು ಅನ್ನಿಸಿದರೆ, ಆ ಅನ್ನಿಸಿಕೆಯನ್ನು ನಂಬಿ ಕೂರುವ ಹಾಗಿಲ್ಲ.

ಇನ್ನು ಹೆಸರು, ಇಸವಿಯ ಕಾಟ. ಪಠ್ಯಪುಸ್ತಕದ ಮೊದಲ ಅಧ್ಯಾಯದಲ್ಲಿ ಏಳೆಂಟು ಜನ ಏಳೆಂಟು ವ್ಯಾಖ್ಯೆ ಕೊಟ್ಟಿರುತ್ತಾರೆ. ಅದನ್ನು ಬಾಯಿಪಾಠ ಮಾಡಿದರೆ ಅಂಕ ಸಿಗಬಹುದು, ವಿಷಯ ಕೈಗೆ ಸಿಗುವುದಿಲ್ಲ. ಆ ಅಧ್ಯಾಯವನ್ನು ಕೊನೆಗೆ ಇಟ್ಟುಕೊಳ್ಳಿ. ಈ ಶಾಸ್ತ್ರಕ್ಕೆ ಹೆಸರು ಕೊಟ್ಟವನು ಅಗಸ್ಟ್ ಕಾಮ್ಟ್, ಅದು 1830ರ ದಶಕದ ಮಾತು. ಸದ್ಯಕ್ಕೆ ಅವನ ಬಗ್ಗೆ ಇಷ್ಟು ಸಾಕು. ಒಂದೇ ಒಂದು ಅಧ್ಯಯನ ಹಿಡಿದುಕೊಂಡು ಅದರ ಜೊತೆ ಜಗಳಕ್ಕೆ ನಿಲ್ಲಿ.

ನಾನು ಆರಿಸುವುದು ಎಮಿಲ್ ಡರ್ಖೈಮ್ 1897ರಲ್ಲಿ ಪ್ರಕಟಿಸಿದ 'ಆತ್ಮಹತ್ಯೆ'. ಇದಕ್ಕಿಂತ ಖಾಸಗಿಯಾದ ವಿಷಯ ಇನ್ನೊಂದಿಲ್ಲ. ಅದರ ಕಾರಣ ಆ ವ್ಯಕ್ತಿಯ ಮನಸ್ಸಿನಲ್ಲೇ ಇರಬೇಕು ಅಂದುಕೊಳ್ಳುತ್ತೇವೆ. ಡರ್ಖೈಮ್ ಯುರೋಪಿನ ದೇಶಗಳ ಸರ್ಕಾರಿ ಅಂಕಿ ಅಂಶ ಹರಡಿಕೊಂಡು ಕೂತ. ಪ್ರತಿ ವರ್ಷ ಸಾಯುವವರು ಬೇರೆ ಬೇರೆ ಜನ. ಆದರೂ ಒಂದು ದೇಶದ ಪ್ರಮಾಣ ವರ್ಷದಿಂದ ವರ್ಷಕ್ಕೆ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ. ದೇಶದಿಂದ ದೇಶಕ್ಕೆ ಮಾತ್ರ ತುಂಬಾ ವ್ಯತ್ಯಾಸ. ಹಾಗಾದರೆ ಈ ಪ್ರಮಾಣ ಯಾರದ್ದು? ಯಾವ ಒಬ್ಬ ವ್ಯಕ್ತಿಯದ್ದೂ ಅಲ್ಲ. ಇಂಥದ್ದನ್ನೇ ಅವನು 'ಸಾಮಾಜಿಕ ಸಂಗತಿ' ಅಂತ ಕರೆದ.

ಅವನು ವಾದ ಕಟ್ಟುವ ರೀತಿ ನನಗೆ ತುಂಬಾ ಇಷ್ಟ. ಹುಚ್ಚು, ವಂಶ, ಹವಾಮಾನ, ಅನುಕರಣೆ, ಜನ ಸಾಮಾನ್ಯವಾಗಿ ಹೇಳುವ ಕಾರಣಗಳನ್ನು ಮೊದಲು ಒಂದೊಂದಾಗಿ ತಳ್ಳಿ ಹಾಕುತ್ತಾನೆ. ಕತ್ತಲು ಕವಿದ ಚಳಿಗಾಲದಲ್ಲೇ ಆತ್ಮಹತ್ಯೆ ಜಾಸ್ತಿ ಅಂದುಕೊಳ್ಳುತ್ತೇವೆ. ಅವನ ಅಂಕಿಗಳಲ್ಲಿ ಬೇಸಿಗೆಯಲ್ಲೇ ಜಾಸ್ತಿ ಇತ್ತು. ಆಮೇಲೆ ಧರ್ಮಕ್ಕೆ ಬರುತ್ತಾನೆ. ಕ್ರೈಸ್ತರ ಎರಡು ಪಂಗಡಗಳಲ್ಲಿ, ಪ್ರಾಟೆಸ್ಟೆಂಟರಲ್ಲಿ ಪ್ರಮಾಣ ಹೆಚ್ಚು, ಕ್ಯಾಥೊಲಿಕರಲ್ಲಿ ಕಡಿಮೆ. ಆತ್ಮಹತ್ಯೆ ಪಾಪ ಅಂತ ಎರಡೂ ಕಡೆ ಹೇಳುತ್ತಾರೆ, ಹಾಗಾಗಿ ಬೋಧನೆ ಕಾರಣ ಆಗಲಾರದು. ಜನರನ್ನು ಒಟ್ಟಿಗೆ ಹಿಡಿದಿಡುವ ನಂಟು ಎಷ್ಟು ಬಿಗಿ ಅನ್ನುವುದೇ ಕಾರಣ ಅನ್ನುತ್ತಾನೆ. ಮದುವೆಯಾದವರಲ್ಲಿ ಕಡಿಮೆ, ಯುದ್ಧದ ಕಾಲದಲ್ಲೂ ಕಡಿಮೆ ಅನ್ನುವುದು ಇದಕ್ಕೆ ಹೊಂದುತ್ತದೆ. ಆರ್ಥಿಕ ಕುಸಿತದಲ್ಲಿ ಪ್ರಮಾಣ ಏರುತ್ತದೆ, ಅದು ಸರಿ. ದಿಢೀರ್ ಶ್ರೀಮಂತಿಕೆ ಬಂದಾಗಲೂ ಏರುತ್ತದೆ! ಆಸೆಗೆ ಇದ್ದ ಕಟ್ಟುಪಾಡು ಎರಡು ಸಲವೂ ಸಡಿಲವಾಗುತ್ತದೆ ಅನ್ನುವುದು ಅವನ ಉತ್ತರ. ಪರೀಕ್ಷೆಗೆ ನೀವು ಓದುವ 'ಅನಾಮಿ' ಇದೇ.

ಈಗ ಜಗಳ. ಸಾವಿನ ಕಾರಣ ಬರೆಯುವವರು ಯಾರು? ಆತ್ಮಹತ್ಯೆಗೆ ಹೆಚ್ಚು ಕಳಂಕ ಇರುವ ಕಡೆ ಮನೆಯವರು, ಅಧಿಕಾರಿಗಳು ಅದನ್ನು ಅಪಘಾತ ಅಂತ ಬರೆಸಿದ್ದರೆ? ಆಗ ಕ್ಯಾಥೊಲಿಕರ ಕಡಿಮೆ ಪ್ರಮಾಣ ಬರೀ ದಾಖಲೆಯ ಆಟ ಆಗಿರಬಹುದು. ಇನ್ನೊಂದು ತಕರಾರು ಇದಕ್ಕಿಂತ ಸೂಕ್ಷ್ಮ. ಪ್ರಾಟೆಸ್ಟೆಂಟರು ಹೆಚ್ಚಿರುವ ಪ್ರಾಂತ್ಯದಲ್ಲಿ ಸಾವು ಹೆಚ್ಚು ಅಂದರೆ, ಸತ್ತವರು ಪ್ರಾಟೆಸ್ಟೆಂಟರೇ ಅಂತ ಆಗಲಿಲ್ಲವಲ್ಲ. ಇಡೀ ಗುಂಪಿನ ಅಂಕಿಯಿಂದ ಒಬ್ಬೊಬ್ಬರ ಬಗ್ಗೆ ತೀರ್ಮಾನಕ್ಕೆ ಹಾರುವ ಈ ತಪ್ಪು ಇವತ್ತಿನ ಸುದ್ದಿಗಳಲ್ಲೂ ದಂಡಿಯಾಗಿ ಸಿಗುತ್ತದೆ.

ಸರ್ಕಾರದ ಅಂಕಿ ನಂಬದಿದ್ದರೆ ಇನ್ನೇನು ಮಾಡುವುದು? ಡರ್ಖೈಮ್‌ನ ಪುಸ್ತಕ ಬಂದ ಎರಡೇ ವರ್ಷಕ್ಕೆ, 1899ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಮೆರಿಕದ ಸಮಾಜಶಾಸ್ತ್ರಜ್ಞ ಡು ಬಾಯ್ಸ್ ಅದನ್ನು ಮಾಡಿ ತೋರಿಸಿದ. ಫಿಲಡೆಲ್ಫಿಯಾದ ಏಳನೇ ವಾರ್ಡಿನ ಕಪ್ಪು ಜನರ ಮನೆ ಮನೆಗೆ ಹೋಗಿ ತಾನೇ ಮಾಹಿತಿ ತಂದ. ಬಡತನ, ಅಪರಾಧ ಅವರ ಜನಾಂಗದ ಗುಣ ಅಂತ ಆಗ ವಿದ್ವಾಂಸರೇ ಹೇಳುತ್ತಿದ್ದರು. ಗುಲಾಮಗಿರಿಯ ಹಿನ್ನೆಲೆ, ಕೆಲಸಕ್ಕೆ ಸೇರಿಸಿಕೊಳ್ಳದ ಭೇದಭಾವ, ವಿಪರೀತ ಬಾಡಿಗೆ, ಇವನ್ನು ಅವನು ಎತ್ತಿ ತೋರಿಸಿದ. ಎಷ್ಟೋ ಪಠ್ಯಗಳಲ್ಲಿ ಅವನ ಹೆಸರೇ ಇರುವುದಿಲ್ಲ. ಇದು ನನಗೆ ಸಿಟ್ಟು ತರಿಸುವ ಸಂಗತಿ.

ಮ್ಯಾಕ್ಸ್ ವೇಬರ್ ಕೂಡ ಪ್ರಾಟೆಸ್ಟೆಂಟರನ್ನೇ ನೋಡಿದ, 1904-05ರಲ್ಲಿ. ಆದರೆ ಅವನ ಪ್ರಶ್ನೆ ಬೇರೆ: ಆ ಜನ ತಾವು ಮಾಡುವ ಕೆಲಸಕ್ಕೆ ಯಾವ ಅರ್ಥ ಕೊಡುತ್ತಿದ್ದರು? ಯಾರಿಗೆ ಮೋಕ್ಷ ಅಂತ ದೇವರು ಮೊದಲೇ ಬರೆದಿಟ್ಟಿದ್ದಾನೆ ಎಂದು ಪ್ರಾಟೆಸ್ಟೆಂಟರಲ್ಲೇ ಒಂದು ಗುಂಪಾದ ಕ್ಯಾಲ್ವಿನ್ ಪಂಥದವರ ನಂಬಿಕೆ. ಆ ಪಟ್ಟಿಯಲ್ಲಿ ತಾನಿದ್ದೇನಾ ಅನ್ನುವ ಆತಂಕ. ದುಡಿಮೆಯಲ್ಲಿ ಯಶಸ್ಸು ಸಿಕ್ಕರೆ ಅದೇ ಒಂದು ಗುರುತು. ಹಾಗಾಗಿ ಬಿಡದೆ ದುಡಿದರು. ಮೋಜಿಗೆ ಖರ್ಚು ಮಾಡುವ ಹಾಗಿಲ್ಲ, ಬಂದ ಲಾಭವನ್ನು ಮತ್ತೆ ವ್ಯಾಪಾರಕ್ಕೇ ಹಾಕಿದರು. ಬಂಡವಾಳಶಾಹಿಯ ಮನೋಭಾವಕ್ಕೆ ಇದರಿಂದ ಬಲ ಬಂತು ಅಂತ ವಾದ. ಧರ್ಮ ಒಂದೇ ಕಾರಣ ಅಂತ ವೇಬರ್ ಹೇಳಲಿಲ್ಲ, ಉತ್ತರ ಪತ್ರಿಕೆಗಳಲ್ಲಿ ಮಾತ್ರ ಹಾಗೇ ಬರೆದಿರುತ್ತಾರೆ.

ಕಾರ್ಲ್ ಮಾರ್ಕ್ಸ್ 1867ರಲ್ಲೇ 'ಬಂಡವಾಳ'ದ ಮೊದಲ ಸಂಪುಟದಲ್ಲಿ, ಬಂಡವಾಳಶಾಹಿ ಬೇರೂರಿದ್ದು ಹೇಗೆ ಅನ್ನುವ ಪ್ರಶ್ನೆಗೆ ಬೇರೆ ಉತ್ತರ ಕೊಟ್ಟಿದ್ದ. ಬಂಡವಾಳ ಮಿತವ್ಯಯದಿಂದ ಕೂಡಿಬಂತು ಅನ್ನುವುದನ್ನು ಅವನು ಕಟ್ಟುಕಥೆ ಅಂತ ಗೇಲಿ ಮಾಡುತ್ತಾನೆ. ಇಂಗ್ಲೆಂಡಿನಲ್ಲಿ ರೈತರನ್ನು ಜಮೀನಿನಿಂದ ಓಡಿಸಿದರು. ಮಾರಲು ತಮ್ಮ ದುಡಿಮೆ ಬಿಟ್ಟು ಅವರ ಬಳಿ ಬೇರೇನೂ ಉಳಿಯಲಿಲ್ಲ. ಅಲ್ಲಿಂದ ಶುರು ಅನ್ನುತ್ತಾನೆ.

ಓದುವಾಗ ಮಾರ್ಕ್ಸ್‌ನ ಮೊದಲ ಅಧ್ಯಾಯದಿಂದ ಶುರು ಮಾಡಬೇಡಿ, ಅದು ಕಬ್ಬಿಣದ ಕಡಲೆ. ಗೆಳೆಯ ಕುಗೆಲ್ಮನ್‌ಗೆ ಬರೆದ ಕಾಗದದಲ್ಲಿ, ನಿಮ್ಮ ಹೆಂಡತಿ ಮೊದಲು ದುಡಿಮೆಯ ದಿನ, ಯಂತ್ರಗಳು, ಜಮೀನು ಕಿತ್ತುಕೊಂಡ ಕಥೆ, ಈ ಭಾಗಗಳನ್ನು ಓದಲಿ ಅಂತ ಅವನೇ ಹೇಳಿದ್ದ. ವೇಬರ್‌ನದ್ದು ಚಿಕ್ಕ ಪುಸ್ತಕ, ಮೊದಲ ಸಲ ಅಡಿಟಿಪ್ಪಣಿ ಬಿಟ್ಟು ಓದಿ. ಡರ್ಖೈಮ್‌ನಲ್ಲಿ ಧರ್ಮದ ಅಧ್ಯಾಯ ಮತ್ತು ಅನಾಮಿಯ ಅಧ್ಯಾಯ ಸಾಕು. ಕಾಮ್ಟ್‌ನನ್ನು ಓದಲೇಬೇಕಾದರೆ ಹ್ಯಾರಿಯೆಟ್ ಮಾರ್ಟಿನೊ 1853ರಲ್ಲಿ ಇಂಗ್ಲಿಷಿಗೆ ಇಳಿಸಿದ ಸಂಕ್ಷಿಪ್ತ ರೂಪ ನೋಡಿ, ಸಮಯ ಉಳಿಯುತ್ತದೆ.